ಕ್ಯಾಸೆಟ್ ಡಬ್ಬಿ ಗುಜರಿಗೆ ಹಾಕುವ ಮೊದಲು

ಮಾನ್ಯ ಸಂಪಾದಕರೇ,

ಯುಗಾದಿಗೋ ದೀಪಾವಳಿಗೋ ಮನೆ ತೊಳೆಯುವಾಗ ಅಟ್ಟದಿಂದ ಇಳಿಯುವ ಕ್ಯಾಸೆಟ್ ಡಬ್ಬಿಗಳು ದಾವಣಗೆರೆಯಲ್ಲಿ ಈಗ ನೇರವಾಗಿ ಗುಜರಿ ಗಾಡಿ ಹತ್ತುತ್ತಿವೆ. ‘ಎಲ್ಲಾ ಹಾಡೂ ಮೊಬೈಲ್‌ನಲ್ಲೇ ಸಿಗುತ್ತವಲ್ಲ’ ಎಂಬುದು ಎಲ್ಲರ ಸಮಾಧಾನ. ಸಿನಿಮಾ ಹಾಡಿನ ಮಟ್ಟಿಗೆ ಅದು ಬಹುಪಾಲು ನಿಜ. ಆದರೆ ಅದೇ ಡಬ್ಬಿಯ ತಳದಲ್ಲಿ ಮನೆಯವರೇ ತುಂಬಿಸಿಟ್ಟ ಕ್ಯಾಸೆಟ್‌ಗಳೂ ಇರುತ್ತವೆ: ದುಗ್ಗಮ್ಮನ ಜಾತ್ರೆಯ ಭಜನೆ, ತರಳಬಾಳು ಹುಣ್ಣಿಮೆಯ ವೇದಿಕೆಯ ಗಾಯನ, ಮದುವೆ ಮನೆಯ ಸೋಬಾನೆ, ಭದ್ರಾವತಿ ಆಕಾಶವಾಣಿಯಿಂದ ಹಿಡಿದುಕೊಂಡ ವಚನ, ಊರ ಹುಡುಗರು ಆಡಿದ ನಾಟಕದ ಕಂದಪದ್ಯ. ಇವಕ್ಕೆ ಎರಡನೇ ಪ್ರತಿ ಎಲ್ಲೂ ಇಲ್ಲ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ನಮ್ಮದು. ಪಕ್ಕದ ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಯಲ್ಲಿ ಜನಪದ ಹಾಡುಗಾರ್ತಿ ಸಿರಿಯಜ್ಜಿಯಂಥವರು ಸಾವಿರಾರು ಪದಗಳನ್ನು ಬಾಯಲ್ಲೇ ಇಟ್ಟುಕೊಂಡು ಬದುಕಿದರು. ಇಂಥ ಕಡೆ ಟೇಪ್ ರೆಕಾರ್ಡರ್ ಬಂದ ಮೇಲೆ ಮನೆಮನೆಯಲ್ಲಿ ಏನೇನು ದಾಖಲಾಗಿರಬಹುದು ಎಂಬುದನ್ನು ಯಾರೂ ಲೆಕ್ಕ ಹಾಕಿಲ್ಲ.

ಆದ್ದರಿಂದ ದೊಡ್ಡ ಸಂಗೀತ ಸಂಗ್ರಹ ಇರುವವರಿಗೂ, ಅಪ್ಪ ಅಜ್ಜಂದಿರ ಸಂಗ್ರಹ ಕೈಗೆ ಬಂದು ಏನು ಮಾಡುವುದೆಂದು ತಿಳಿಯದವರಿಗೂ ಉಪಯೋಗಕ್ಕೆ ಬರಲಿ ಎಂದು ಈ ಪತ್ರ. ಉದ್ದವಾಗಿದೆ, ಮನ್ನಿಸಿ. ಅರ್ಧ ಹೇಳಿದರೆ ಈ ಕೆಲಸದಲ್ಲಿ ಲಾಭಕ್ಕಿಂತ ನಷ್ಟವೇ ಹೆಚ್ಚು.

ಮೊದಲ ಮಾತು ಸಮಯದ್ದು. ಕ್ಯಾಸೆಟ್ಟನ್ನು ಕಂಪ್ಯೂಟರ್‌ಗೆ ಇಳಿಸಲು ಅಡ್ಡದಾರಿ ಇಲ್ಲ. 60 ನಿಮಿಷದ ಕ್ಯಾಸೆಟ್‌ಗೆ 60 ನಿಮಿಷ ಬೇಕೇ ಬೇಕು, ಒರೆಸಿ, ಹೊಂದಿಸಿ, ಹೆಸರು ಬರೆಯುವುದಕ್ಕೆ ಇನ್ನರ್ಧ ಗಂಟೆ. ದಿನಕ್ಕೆ ಎರಡರಂತೆ ಬಿಡದೆ ಮಾಡಿದರೂ 500 ಕ್ಯಾಸೆಟ್‌ಗೆ ಎಂಟು ತಿಂಗಳು ದಾಟುತ್ತದೆ. ಹಾಗಾಗಿ ಸರದಿ ಮುಖ್ಯ. ಮನೆಯಲ್ಲೇ ಅಥವಾ ಕಾರ್ಯಕ್ರಮದಲ್ಲಿ ತುಂಬಿಸಿದ್ದು ಮೊದಲು. ರೇಡಿಯೊದಿಂದ ಹಿಡಿದದ್ದು ಎರಡನೆಯದು. ಸಣ್ಣಪುಟ್ಟ ಸ್ಥಳೀಯ ಕಂಪನಿಗಳು ಹೊರತಂದ ಭಕ್ತಿಗೀತೆ, ಗೀಗೀ ಪದ, ಹರಿಕಥೆ, ನಾಟಕದ ಕ್ಯಾಸೆಟ್ ಮೂರನೆಯದು; ಆ ಕಂಪನಿಗಳೇ ಇಲ್ಲವಾದ ಮೇಲೆ ಮಾಸ್ಟರ್ ಟೇಪ್ ಯಾರ ಬಳಿ ಇರುತ್ತದೆ? ದೊಡ್ಡ ಕಂಪನಿಗಳ ಸಿನಿಮಾ ಹಾಡು ಕೊನೆಗೆ. ಬಹಳ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಇಷ್ಟದ ಸಿನಿಮಾ ಹಾಡಿನಿಂದ ಶುರುಮಾಡಿ, ಹತ್ತಾರು ಕ್ಯಾಸೆಟ್‌ಗೆ ಸುಸ್ತಾಗಿ, ಅಜ್ಜಿಯ ಪದ ಡಬ್ಬಿಯಲ್ಲೇ ಉಳಿಯುತ್ತದೆ.

ಡಬ್ಬಿ ಕೆಳಗಿಳಿಸಿದ ಕೂಡಲೇ ಮಾಡಬೇಕಾದದ್ದು ಒಂದೇ: ಕ್ಯಾಸೆಟ್ಟಿನ ಹಿಂದುಗಡೆ ಎರಡು ಮೂಲೆಯಲ್ಲಿರುವ ಚಿಕ್ಕ ಪ್ಲಾಸ್ಟಿಕ್ ಚಕ್ಕೆಗಳನ್ನು ಮುರಿದು ತೆಗೆಯಿರಿ. ಅವು ಇದ್ದರೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದಾಗ ಇದ್ದ ಹಾಡು ಅಳಿಸಿಹೋಗುತ್ತದೆ. ಮುರಿದರೆ ಯಂತ್ರದ ಗುಂಡಿ ಕೆಳಗಿಳಿಯುವುದೇ ಇಲ್ಲ. ಆಮೇಲೆ ಬೆಳಕಿಗೆ ಹಿಡಿದು ಕಿಟಕಿಯಿಂದ ಟೇಪಿನ ಸುರುಳಿ ನೋಡಿ. ಚನ್ನಗಿರಿ, ನ್ಯಾಮತಿ ಕಡೆಯ ಅಡಿಕೆ ಸೀಮೆಯ ಮನೆಗಳಿಂದ ಬಂದವುಗಳ ಸುರುಳಿಯ ಅಂಚಿಗೆ ಬಿಳಿ ಪುಡಿ ಹಿಡಿದಿರುವುದು ಹೆಚ್ಚು. ಅದು ಧೂಳಲ್ಲ, ಬೂಷ್ಟು. ಜಗಳೂರಿನಂಥ ಒಣ ಸೀಮೆಯವುಗಳಲ್ಲಿ ಬೂಷ್ಟು ಕಡಿಮೆ. ಅಂಟು ಒಣಗಿ ಒಳಗಿನ ಸ್ಪಾಂಜು ಕಳಚಿರುತ್ತದೆ.

ಬೂಷ್ಟು ಹಿಡಿದದ್ದನ್ನು ಯಂತ್ರಕ್ಕೆ ಹಾಕಲೇಬೇಡಿ. ಟೇಪು ಓದುವ ಹೆಡ್‌ಗೂ ಟೇಪು ಎಳೆಯುವ ರಬ್ಬರ್ ರೋಲರ್‌ಗೂ ಅಂಟಿ, ಆಮೇಲೆ ಹಾಕುವ ಪ್ರತಿ ಕ್ಯಾಸೆಟ್ಟಿಗೂ ಹಬ್ಬುತ್ತದೆ. ಅಂಥವನ್ನು ಬೇರೆ ಮಾಡಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಳದ ಡಬ್ಬಿಯಲ್ಲಿ ಒಂದೆರಡು ವಾರ ಇಟ್ಟು ಒಣಗಿಸಿ. ನಂತರ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ ಕುಳಿತು ಬಿಚ್ಚಿ. ಐದು ಸ್ಕ್ರೂ ಇರುವ ಕ್ಯಾಸೆಟ್ ಸುಲಭ. ಅಂಟಿಸಿ ಮುಚ್ಚಿದ್ದಾದರೆ ಸುತ್ತಲ ಸೀಳಿಗೆ ತೆಳ್ಳನೆ ಬ್ಲೇಡು ತೂರಿಸಿ ಸ್ವಲ್ಪಸ್ವಲ್ಪವೇ ತಿರುವಬೇಕು. ಚಿಪ್ಪು ಒಡೆದರೂ ಚಿಂತೆಯಿಲ್ಲ, ಟೇಪಿಗೆ ಬ್ಲೇಡು ತಾಗಬಾರದು. ಸುರುಳಿಯ ಎರಡೂ ಮಗ್ಗುಲನ್ನು ಒಣ ಮೆತ್ತನೆ ಬ್ರಶ್ಶಿನಿಂದ ಒರೆಸಿ, ಸ್ಕ್ರೂ ಇರುವ ಬೇರೆ ಖಾಲಿ ಚಿಪ್ಪಿಗೆ ಕೂರಿಸಿ. ಚಿಪ್ಪಿಗೋಸ್ಕರ ಕೆಲಸಕ್ಕೆ ಬಾರದ ಸಿನಿಮಾ ಕ್ಯಾಸೆಟ್ ಹತ್ತಿಪ್ಪತ್ತು ಎತ್ತಿಟ್ಟುಕೊಂಡಿರುವುದು ಒಳ್ಳೆಯದು. ಒಳಗಿನ ಸ್ಪಾಂಜು, ತಗಡಿನ ಸ್ಪ್ರಿಂಗು, ಜಾರುವ ಹಾಳೆ, ಉರುಳೆಗಳು ಎಲ್ಲವೂ ಅದರಿಂದಲೇ ಸಿಗುತ್ತವೆ. ಸ್ಪಾಂಜು ಕಳಚಿದರೆ ಟೇಪು ಹೆಡ್‌ಗೆ ಒತ್ತಿ ಕೂರುವುದಿಲ್ಲ, ಹಾಡು ಬಂದುಬಂದು ಮರೆಯಾಗುತ್ತದೆ. ಟೇಪೇ ಹಾಳಾಯಿತೆಂದು ಎಸೆಯುವ ಎಷ್ಟೋ ಕ್ಯಾಸೆಟ್‌ಗಳ ಕಾಯಿಲೆ ಇಷ್ಟೇ.

ಟೇಪು ತುಂಡಾಗಿದ್ದರೆ ಮನೆಯ ಸೆಲ್ಲೊಟೇಪ್ ಹಚ್ಚಬೇಡಿ. ಅದರ ಅಂಟು ಬಿಸಿಲಿಗೆ ಹೊರಗೆ ಹರಿದು ಪಕ್ಕದ ಸುತ್ತುಗಳನ್ನೂ ಅಂಟಿಸುತ್ತದೆ. ಟೇಪ್ ಜೋಡಿಸುವುದಕ್ಕೆಂದೇ ಬರುವ ಸ್ಪ್ಲೈಸಿಂಗ್ ಟೇಪನ್ನು, ಟೇಪಿನ ಬೆನ್ನಿಗೆ ಹಚ್ಚಬೇಕು. ಹೆಡ್ ಮುಟ್ಟುವ ಮುಖಕ್ಕಲ್ಲ. 90 ನಿಮಿಷದ ಕ್ಯಾಸೆಟ್ಟಿನ ಟೇಪು ಸುಮಾರು 12 ಮೈಕ್ರಾನ್, 120 ನಿಮಿಷದ್ದು ಸುಮಾರು 9 ಮೈಕ್ರಾನ್ ದಪ್ಪ. ಇವನ್ನು ಫಾಸ್ಟ್ ಫಾರ್ವರ್ಡ್‌ನಲ್ಲಿ ಓಡಿಸಿ ಗಕ್ಕನೆ ನಿಲ್ಲಿಸಿದರೆ ಎಳೆದುಕೊಂಡು ಉದ್ದವಾಗುತ್ತವೆ. ಎಳೆದುಹೋದ ಟೇಪಿಗೆ ಮದ್ದಿಲ್ಲ.

ಇನ್ನು ಯಂತ್ರ. ಯುಎಸ್‌ಬಿ ತಂತಿಯೊಂದಿಗೆ ಬರುವ ಅಗ್ಗದ ಕ್ಯಾಸೆಟ್ ಪ್ಲೇಯರ್ ಕೊಳ್ಳಬೇಡಿ. ಅದರ ಮೋಟಾರು ತಡವರಿಸುತ್ತದೆ, ತಂಬೂರಿಯ ನಾದ ಅಲೆಯಾಡುತ್ತದೆ. ಹಳೆಯದಾದರೂ ಪರವಾಗಿಲ್ಲ, ಲೈನ್ ಔಟ್ (ಸದ್ದನ್ನು ಹೊರಗೆ ಕೊಡುವ ತೂತು) ಇರುವ ಒಳ್ಳೆಯ ಕಂಪನಿಯ ಡೆಕ್, ಅಂದರೆ ಕ್ಯಾಸೆಟ್ ನುಡಿಸುವ ಯಂತ್ರ ಬೇಕು. ವರ್ಷಾನುಗಟ್ಟಲೆ ಬಿಟ್ಟ ಡೆಕ್‌ನಲ್ಲಿ ರಬ್ಬರ್ ಬೆಲ್ಟ್ ಸಡಿಲವಾಗಿರುತ್ತದೆ ಅಥವಾ ಕರಗಿ ಡಾಂಬರಿನಂತೆ ಪುಲ್ಲಿಗೆ ಮೆತ್ತಿಕೊಂಡಿರುತ್ತದೆ. ಅದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಪೂರ್ತಿ ತೆಗೆದ ಮೇಲೆಯೇ ಹೊಸ ಬೆಲ್ಟ್ ಹಾಕಬೇಕು. ಹಳೆ ಬೆಲ್ಟಿನ ಸುತ್ತಳತೆಯನ್ನು ದಾರದಿಂದ ಅಳೆದು, ಅದಕ್ಕಿಂತ ನೂರಕ್ಕೆ ಐದರಷ್ಟು ಚಿಕ್ಕದನ್ನು ಕೊಳ್ಳಿ, ಹಳೆಯದು ಹಿಗ್ಗಿರುತ್ತದೆ. ಪ್ರತಿ ಐದಾರು ಕ್ಯಾಸೆಟ್ಟಿಗೊಮ್ಮೆ ಹೆಡ್ಡು, ರೋಲರ್ ಜೊತೆ ಸೇರಿ ಟೇಪು ಎಳೆಯುವ ಕ್ಯಾಪ್‌ಸ್ಟನ್ ಕಡ್ಡಿ, ರಬ್ಬರ್ ರೋಲರ್ ಒರೆಸಬೇಕು. ಹತ್ತಿ ಕಡ್ಡಿಗೆ 99 ಶೇಕಡಾ ಐಸೊಪ್ರೊಪೈಲ್ ಸಾಕು. ಸ್ಯಾನಿಟೈಸರ್ ಬಳಸಬಾರದು, ಅದರಲ್ಲಿ ಗ್ಲಿಸರಿನ್ ಬೆರೆತಿರುತ್ತದೆ. ಹೆಡ್ ಮೇಲೆ ಜಿಡ್ಡು ನಿಲ್ಲುತ್ತದೆ.

ಈಗ ಹೇಳುವ ಕೆಲಸವನ್ನು ದುಡ್ಡು ತೆಗೆದುಕೊಂಡು ಕ್ಯಾಸೆಟ್ ಇಳಿಸಿಕೊಡುವ ಅಂಗಡಿಗಳು ಸಾಮಾನ್ಯವಾಗಿ ಮಾಡುವುದಿಲ್ಲ. ಹಾಡು ಚೆನ್ನಾಗಿ ಬರುವುದೂ ಕೆಡುವುದೂ ಇದರಲ್ಲೇ. ಒಂದು ಯಂತ್ರದಲ್ಲಿ ತುಂಬಿಸಿದ ಕ್ಯಾಸೆಟ್ ಇನ್ನೊಂದರಲ್ಲಿ ಕಂಬಳಿ ಹೊದ್ದಂತೆ ಮಂಕಾಗಿ ಕೇಳುವುದಕ್ಕೆ ಕಾರಣ ಹೆಡ್‌ನ ಓರೆ. ತುಂಬಿಸಿದ ಟೂ ಇನ್ ಒನ್‌ನ (ರೇಡಿಯೊ, ಟೇಪ್ ಎರಡೂ ಇರುವ ಯಂತ್ರದ) ಹೆಡ್ ಕೂದಲೆಳೆಯಷ್ಟು ವಾಲಿದ್ದರೆ ಟೇಪಿನ ಮೇಲಿನ ಗುರುತುಗಳೂ ಅಷ್ಟೇ ವಾಲಿರುತ್ತವೆ. ಓದುವ ಹೆಡ್ ಅದೇ ಓರೆಯಲ್ಲಿ ನಿಲ್ಲದಿದ್ದರೆ ಮೇಲಿನ ಸ್ಥಾಯಿಯ ಸದ್ದು ತಾನೇ ತಾನಾಗಿ ಕರಗುತ್ತದೆ. ಹೆಡ್‌ನ ಎರಡು ಪಕ್ಕದ ಸ್ಕ್ರೂಗಳಲ್ಲಿ ಒಂದರ ಕೆಳಗೆ ಸ್ಪ್ರಿಂಗ್ ಇರುತ್ತದೆ, ತಲೆಯ ಮೇಲೆ ಬಣ್ಣದ ಅಂಟಿನ ಹನಿ ಇರುತ್ತದೆ. ತಿರುಗಿಸಬೇಕಾದದ್ದು ಅದೇ. ಮೊದಲು ಮಾರ್ಕರ್‌ನಿಂದ ಅದರ ಈಗಿನ ನಿಲುವು ಗುರುತು ಮಾಡಿ. ಕ್ಯಾಸೆಟ್ ಓಡಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಎಡಬಲ ಎರಡೂ ಚಾನೆಲ್ ಬೆರೆಸಿ ಮೋನೊ ಮಾಡಿಕೊಂಡು ಕೇಳಿ. ಆಯಸ್ಕಾಂತ ಹಿಡಿಯದ ಸಣ್ಣ ಸ್ಟಾರ್ ಸ್ಕ್ರೂಡ್ರೈವರ್‌ನಿಂದ ಸುತ್ತಿನ ಎಂಟನೇ ಒಂದು ಭಾಗದಷ್ಟು ಅತ್ತ, ಮತ್ತೆ ಇತ್ತ ತಿರುಗಿಸಿ. ಹಾಡುವವರು ‘ಶರಣು’ ಎಂದಾಗ ಶಕಾರ ಹಕಾರದಂತೆ ಮಬ್ಬಾಗಿ ಕೇಳುತ್ತಿದ್ದದ್ದು ಒಂದು ಜಾಗದಲ್ಲಿ ಚುರುಕ್ಕನೆ ತೆರೆದುಕೊಳ್ಳುತ್ತದೆ. ಭಜನೆಯ ತಾಳದ ಕಿಣಿಕಿಣಿ ಹತ್ತಿರ ಬರುತ್ತದೆ. ಇನ್ನೂ ತಿರುಗಿಸಿದರೆ ಮತ್ತೆ ಮಂಕು. ಆ ನಡುವಿನ ಜಾಗದಲ್ಲಿ ನಿಲ್ಲಿಸಿ. ಬಿ ಮಗ್ಗುಲು ಹಾಕಿದಾಗ ಮತ್ತೊಮ್ಮೆ ನೋಡಬೇಕು, ಬೇರೆ ದಿನ ಬೇರೆ ಯಂತ್ರದಲ್ಲಿ ತುಂಬಿಸಿರಬಹುದು. ಟೋನ್ ಹೆಚ್ಚಿಸಿ ಇದನ್ನು ಸರಿಪಡಿಸಲು ಹೋದರೆ ಹಾಡಿನ ಜೊತೆ ಹಿಸ್ಸೆಂಬ ಸದ್ದೂ ಏರುತ್ತದೆಯೇ ಹೊರತು ಕಳೆದ ಸ್ವರ ಬರುವುದಿಲ್ಲ. ಎಲ್ಲಾ ಮುಗಿದ ಮೇಲೆ ಸ್ಕ್ರೂವನ್ನು ಗುರುತಿಗೆ ತಿರುಗಿ ತರುವುದು ಮರೆಯಬೇಡಿ.

ಎರಡನೆಯದು ವೇಗ. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ನೂರಕ್ಕೆ ಆರು ಹೆಚ್ಚಾದರೆ ಹಾರ್ಮೋನಿಯಂನ ಬಿಳಿ ಒಂದರ ಶ್ರುತಿ ಕಪ್ಪು ಒಂದಕ್ಕೆ ಏರಿಬಿಡುತ್ತದೆ. ಜಾತ್ರೆ, ಹೊಲ, ಹಟ್ಟಿಯಲ್ಲಿ ಬ್ಯಾಟರಿ ಸೆಲ್ಲಿನ ಮೇಲೆ ತುಂಬಿಸಿದ ಕ್ಯಾಸೆಟ್‌ಗಳಲ್ಲಿ ಇನ್ನೊಂದು ತೊಡಕು: ಸೆಲ್ಲು ಕುಗ್ಗುತ್ತಾ ಬಂದಂತೆ ಆ ಯಂತ್ರ ನಿಧಾನವಾಗಿರುತ್ತದೆ, ಆದ್ದರಿಂದ ಈಗ ನುಡಿಸುವಾಗ ಹಾಡು ಕೊನೆಕೊನೆಗೆ ವೇಗವಾಗಿ, ಕೀರಲಾಗಿ ಕೇಳುತ್ತದೆ. ಹಾಡುವವರ ದನಿಯೇ ಹಾಗೆಂದು ತಿಳಿದು ಬಿಡುವವರಿದ್ದಾರೆ. ಹಾರ್ಮೋನಿಯಂ ಇದ್ದರೆ ಅದೇ ಅಳತೆಗೋಲು. ರೀಡಿನ ಶ್ರುತಿ ಅಷ್ಟು ಬೇಗ ಜಗ್ಗುವುದಿಲ್ಲ. ಕರೆಂಟಿನ ಮೇಲೆ ತುಂಬಿಸಿದ್ದರೆ ಹಿಂದೆ ಕೇಳುವ 50 ಹರ್ಟ್ಸ್ ಗುಂಯ್‌ಗುಡುವಿಕೆಯಿಂದಲೂ ಅಂದಾಜು ಮಾಡಬಹುದು, ಆದರೆ ಅದನ್ನೇ ಪೂರ್ತಿ ನಂಬಬಾರದು. 1980, 90ರ ದಶಕದಲ್ಲಿ ದಕ್ಷಿಣದ ವಿದ್ಯುತ್ ಜಾಲ 50ರ ಮೇಲೆ ಸ್ಥಿರವಾಗಿ ನಿಲ್ಲುತ್ತಿರಲಿಲ್ಲ, 49ರ ಕೆಳಗೂ ಇಳಿಯುತ್ತಿತ್ತು. ಹಾರ್ಮೋನಿಯಂ ಒಂದು ಹೇಳಿ ಗುಂಯ್‌ಕಾರ ಇನ್ನೊಂದು ಹೇಳಿದರೆ ಹಾರ್ಮೋನಿಯಂ ಮಾತು ಕೇಳಿ. ಕಂಪ್ಯೂಟರಿನಲ್ಲಿ ಸರಿಪಡಿಸುವಾಗ ವೇಗ, ಶ್ರುತಿ ಎರಡೂ ಒಟ್ಟಿಗೆ ಬದಲಾಗುವ ಆಯ್ಕೆಯನ್ನೇ ಆರಿಸಬೇಕು. ಬರೀ ಶ್ರುತಿ ಅಥವಾ ಬರೀ ಲಯ ಬದಲಿಸುವ ಆಯ್ಕೆಗಳು ದನಿಗೆ ಯಂತ್ರದ ಗುಣ ತರುತ್ತವೆ. ಮೆಲ್ಲಮೆಲ್ಲನೆ ಏರುವ ಶ್ರುತಿಗೆ ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಟೈಮ್ ಟ್ರ್ಯಾಕ್ ಎಂಬ ಸೌಲಭ್ಯ ಇದೆ.

ಆಡಾಸಿಟಿ ಉಚಿತ ತಂತ್ರಾಂಶ, ಈ ಕೆಲಸಕ್ಕೆ ಸಾಕು. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಡೆಕ್ ಜೋಡಿಸಬೇಡಿ. ಅದು ಮೋನೊ, ಮೇಲಾಗಿ ಮಾತಿಗೆಂದು ಸದ್ದು ತಗ್ಗಿಸುವ, ಮಟ್ಟ ಏರಿಸಿ ಇಳಿಸುವ ವ್ಯವಸ್ಥೆ ಅದರೊಳಗೆ ಓಡುತ್ತಿರುತ್ತದೆ. ಸ್ಟೀರಿಯೊ ಲೈನ್ ಇನ್ ಇರುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಬೇಕು. 48 ಕಿಲೊಹರ್ಟ್ಸ್, 24 ಬಿಟ್ ಇಡಿ. ಅತಿ ಜೋರಿನ ಜಾಗವೂ ಮೀಟರಿನಲ್ಲಿ ಮೈನಸ್ 6 ಡೆಸಿಬಲ್ ದಾಟದಂತೆ ಮಟ್ಟ ಹೊಂದಿಸಿ. ಸೊನ್ನೆ ಮುಟ್ಟಿದರೆ ಒಡೆದ ದನಿ ಮತ್ತೆ ಕೂಡುವುದಿಲ್ಲ. ಮೋನೊ ಕ್ಯಾಸೆಟ್ಟನ್ನೂ ಸ್ಟೀರಿಯೊದಲ್ಲೇ ಇಳಿಸಿಕೊಳ್ಳಿ. ಟೇಪಿನ ಅಂಚು ಸವೆದಿದ್ದರೆ ಎರಡರಲ್ಲಿ ಒಂದು ಚಾನೆಲ್ ಚೆನ್ನಾಗಿರುತ್ತದೆ, ಆಮೇಲೆ ಅದನ್ನೇ ಆರಿಸಿಕೊಳ್ಳಬಹುದು. ಗಂಟೆಗೆ 1 ಜಿಬಿ ಚಿಲ್ಲರೆ ಜಾಗ ಹಿಡಿಯುತ್ತದೆ. ಫ್ಲ್ಯಾಕ್ ಎಂಬ ಕುಗ್ಗಿಸಿದ ಕಡತ ರೂಪಕ್ಕೆ ತಂದರೆ ಒಂದು ಚೂರೂ ಕಳೆಯದೆ 700 ಎಂಬಿ ಆಸುಪಾಸಿಗೆ ಇಳಿಯುತ್ತದೆ. ಸೆಕೆಂಡಿಗೆ 128 ಕಿಲೊಬಿಟ್‌ನ ಎಂಪಿ3ಯಲ್ಲಿ ಅದೇ ಗಂಟೆ 58 ಎಂಬಿ. ಮೊಬೈಲಿಗೆ, ಕಾರಿಗೆ ಎಂಪಿ3 ಧಾರಾಳವಾಗಿ ಮಾಡಿಕೊಳ್ಳಿ, ಆದರೆ ಅದೊಂದನ್ನೇ ಇಟ್ಟುಕೊಂಡು ಮೂಲ ಎಸೆಯಬೇಡಿ. ಎಂಪಿ3ಯನ್ನು ತಿರುಗಿ ಫ್ಲ್ಯಾಕ್ ಮಾಡಿದರೆ ಕಡತ ದಪ್ಪವಾಗುತ್ತದೆ ಅಷ್ಟೇ, ಹೋದದ್ದು ಬರುವುದಿಲ್ಲ.

ಕರೆಂಟ್ ಹೋಗುವ ಊರಿನಲ್ಲಿ ಡೆಕ್ಕನ್ನೂ ಯುಪಿಎಸ್‌ಗೆ ಜೋಡಿಸಬೇಕು. ಕಂಪ್ಯೂಟರ್ ಉಳಿದು ಡೆಕ್ ನಿಂತರೆ ರಬ್ಬರ್ ರೋಲರ್ ಟೇಪನ್ನು ಕಚ್ಚಿಕೊಂಡೇ ನಿಲ್ಲುತ್ತದೆ. ಹಾಗೇ ರಾತ್ರಿಯಿಡೀ ಬಿಟ್ಟರೆ ರೋಲರ್‌ಗೆ ಕುಳಿ ಬೀಳುತ್ತದೆ, ಆಮೇಲೆ ಪ್ರತಿ ಸುತ್ತಿಗೂ ಹಾಡು ಕುಂಟುತ್ತದೆ.

ಇಳಿಸಿಕೊಂಡ ಮೂಲ ಕಡತಕ್ಕೆ ಕೈ ಹಚ್ಚಬೇಡಿ. ಸದ್ದು ತೆಗೆಯುವುದು, ಕತ್ತರಿಸುವುದು ಎಲ್ಲಾ ಅದರ ನಕಲಿನ ಮೇಲೆ. ಸದ್ದು ತೆಗೆಯುವ ತಂತ್ರಾಂಶಕ್ಕೆ ಸಂಗೀತ ತಿಳಿಯದು. ಬದಲಾಗದೆ ಒಂದೇ ಸಮನೆ ಇರುವ ಸದ್ದೆಲ್ಲಾ ಅದಕ್ಕೆ ಕಸ. ತಂಬೂರಿ, ಶ್ರುತಿಪೆಟ್ಟಿಗೆ, ತತ್ವಪದದ ಏಕತಾರಿ ಕೂಡ ಒಂದೇ ಸಮನೆ ಇರುತ್ತವೆ. ಅವು ನುಡಿಯುತ್ತಿರುವ ಜಾಗವನ್ನು ಮಾದರಿಯಾಗಿ ಕೊಟ್ಟರೆ ಶ್ರುತಿಯನ್ನೇ ಕೆರೆದು ಹಾಕುತ್ತದೆ. ಹಾಡು ಶುರುವಾಗುವ ಮುಂಚಿನ, ಬರೀ ಟೇಪಿನ ಹಿಸ್ಸೆಂಬ ಸದ್ದಿರುವ ಎರಡು ಸೆಕೆಂಡು ಹುಡುಕಿ ಅದನ್ನು ಕೊಡಬೇಕು. 6 ಡೆಸಿಬಲ್‌ಗಿಂತ ಹೆಚ್ಚು ತಗ್ಗಿಸಬಾರದು. ತಾಳದ ಸದ್ದು ನೀರೊಳಗಿನಿಂದ ಬಂದಂತೆ ಕೇಳಿದರೆ ಅತಿಯಾಯಿತೆಂದೇ ಅರ್ಥ. ಸ್ವಲ್ಪ ಹಿಸ್ಸಿದ್ದರೆ ಇರಲಿ ಬಿಡಿ.

ಹಾಗೆಯೇ ಹಾಡಿನ ನಡುವಿನ ಮಾತುಗಳನ್ನು ಕತ್ತರಿಸಬೇಡಿ. ಆಕಾಶವಾಣಿಯ ಉದ್ಘೋಷಕರು ಹೇಳುವ ಗಾಯಕರ ಹೆಸರು, ಪಕ್ಕವಾದ್ಯದವರ ಹೆಸರು, ಜಾತ್ರೆಯ ಮೈಕಿನಲ್ಲಿ ಕಾಣಿಕೆ ಕೊಟ್ಟವರ ಹೆಸರು ಕೂಗುವುದು, ‘ಇನ್ನೊಂದು ಹೇಳವ್ವಾ’ ಎಂದು ಅಜ್ಜಿಯನ್ನು ಕೇಳುವ ದನಿ, ಇವೆಲ್ಲಾ ದಾಖಲೆ. ಕ್ಯಾಸೆಟ್ಟಿನ ಮೇಲೆ ದಿನಾಂಕ ಬರೆಯದಿದ್ದಾಗ ಕಾಲ ಹಿಡಿಯಲು ಇರುವ ಆಧಾರ ಇವೇ.

ಗ್ರಾಮಫೋನ್ ಪ್ಲೇಟುಗಳ ಬಗ್ಗೆ ಚಿಕ್ಕದಾಗಿ. ನಿಮಿಷಕ್ಕೆ 78 ಸುತ್ತು ತಿರುಗುವ 78ರ ಪ್ಲೇಟು ಅರಗಿನದ್ದು, ಆಲ್ಕೋಹಾಲ್ ತಾಗಿದರೆ ಕರಗುತ್ತದೆ. ಕ್ಯಾಸೆಟ್ ಹೆಡ್ ಒರೆಸುವ ದ್ರವವನ್ನೇ ಇದಕ್ಕೂ ಹಚ್ಚಿ ಕೆಡಿಸಿಕೊಂಡವರು ಕಡಿಮೆಯಿಲ್ಲ. ಡಿಸ್ಟಿಲ್ಡ್ ನೀರಿಗೆ ಒಂದೆರಡು ಹನಿ ಸೌಮ್ಯ ಸೋಪು, ಮೆತ್ತನೆ ಬ್ರಶ್, ಲೇಬಲ್ ನೆನೆಯದಂತೆ ಎಚ್ಚರ, ನೆರಳಲ್ಲಿ ನಿಲ್ಲಿಸಿ ಒಣಗಿಸುವುದು, ಇಷ್ಟೇ. ಕೀಲಿ ಕೊಡುವ ಹಳೇ ಗ್ರಾಮಫೋನಿನ ಸೌಂಡ್‌ಬಾಕ್ಸ್ 100 ಗ್ರಾಂಗೂ ಮೀರಿದ ಭಾರ ಹೇರಿ ಉಕ್ಕಿನ ಸೂಜಿಯಿಂದ ಗೀರುತ್ತದೆ. ಅಪರೂಪದ ಪ್ಲೇಟನ್ನು ಅದರಲ್ಲಿ ಹಾಕಬಾರದು. ಹಗುರ ಪಿಕಪ್ ಇರುವ ಟರ್ನ್‌ಟೇಬಲ್ಲಿಗೆ 78ರದ್ದೇ ಸೂಜಿ, ಅಂದರೆ 3 ಮಿಲ್ (ಮಿಲ್ ಎಂದರೆ ಇಂಚಿನ ಸಾವಿರದ ಒಂದು ಭಾಗ) ತುದಿಯದ್ದು ಹಾಕಿ. ಎಲ್‌ಪಿಯ 0.7 ಮಿಲ್ ಸೂಜಿ ಅಗಲವಾದ ಗೀರಿನ ತಳಕ್ಕೆ ಇಳಿದು ಧೂಳನ್ನೇ ಓದುತ್ತದೆ. 1920ರ ದಶಕಕ್ಕೆ ಮುಂಚಿನ ಪ್ಲೇಟುಗಳಲ್ಲಿ ಹಲವು ನಿಜಕ್ಕೂ 78ರಲ್ಲಿ ಓಡುವಂಥವಲ್ಲ. ಅಲ್ಲಿಯೂ ಶ್ರುತಿ ನೋಡಿಯೇ ವೇಗ ಇಡಬೇಕು.

ಕಂಪ್ಯೂಟರಿನಲ್ಲಿ ಹಾಡು ತುಂಬಿಸಿ ಬರೆದ ಸಿಡಿಗಳನ್ನು ಇವತ್ತೇ ನಕಲು ಮಾಡಿಕೊಳ್ಳಿ. ಅವುಗಳ ಬಣ್ಣದ ಪದರ ಮಾಸುತ್ತದೆ, ಕ್ಯಾಸೆಟ್ಟಿಗಿಂತ ಮೊದಲೇ ಸಾಯಬಹುದು.

ಈಗ ಪಟ್ಟಿ. ಪಟ್ಟಿ ಇಲ್ಲದಿದ್ದರೆ ಸಾವಿರ ಕಡತವಿದ್ದರೂ ಬೇಕಾದಾಗ ಒಂದೂ ಸಿಗದು. ಪ್ರತಿ ಕ್ಯಾಸೆಟ್ಟಿಗೆ ಒಂದು ನಂಬರು. ಅದೇ ನಂಬರು ಡಬ್ಬಿಯ ಮೇಲೆ, ಕಡತದ ಹೆಸರಲ್ಲಿ, ಒಳಗಿನ ಕಾಗದದ ಫೋಟೊಗೆ, ಪಟ್ಟಿಯ ಸಾಲಿಗೆ. ಹಾಡಿದವರು, ಪಕ್ಕವಾದ್ಯ, ರಾಗ ಅಥವಾ ಮಟ್ಟು, ಪದದ ಮೊದಲ ಸಾಲು, ಅಂಕಿತ, ಊರು, ದಿನಾಂಕ, ತುಂಬಿಸಿದವರು ಯಾರು, ಟೇಪಿನ ಸ್ಥಿತಿ, ಇಷ್ಟು ಕಾಲಂ ಬೇಕು. ಗೊತ್ತಿಲ್ಲದ ಕಡೆ ಖಾಲಿ ಬಿಡಿ, ಊಹೆ ಬರೆಯಬೇಡಿ. ವಚನ, ದಾಸರ ಪದಗಳಲ್ಲಿ ತಂತ್ರಾಂಶ ಕೇಳುವ ‘ಆರ್ಟಿಸ್ಟ್’ ಜಾಗಕ್ಕೆ ಹಾಡಿದವರನ್ನೂ ‘ಲಿರಿಸಿಸ್ಟ್’ ಜಾಗಕ್ಕೆ ವಚನಕಾರರನ್ನೂ ಹಾಕಿ, ರಾಗವನ್ನು ‘ಕಾಮೆಂಟ್’ನಲ್ಲಿ ಬರೆಯಿರಿ. ಒಂದು ಕಡೆ ಬಸವಣ್ಣ ಆರ್ಟಿಸ್ಟ್, ಇನ್ನೊಂದು ಕಡೆ ಬಸವರಾಜ ರಾಜಗುರು ಆರ್ಟಿಸ್ಟ್ ಆದರೆ ಹುಡುಕಾಟ ಮುಗಿಯಿತು. ಎಂಪಿ3 ಟ್ಯಾಗ್ ತಂತ್ರಾಂಶದಲ್ಲಿ ನೂರಾರು ಕಡತಕ್ಕೆ ಒಟ್ಟಿಗೆ ತುಂಬಬಹುದು, ಅದು ಫ್ಲ್ಯಾಕ್‌ಗೂ ನಡೆಯುತ್ತದೆ.

ಕನ್ನಡದಲ್ಲಿ ಹೆಸರು ಬರೆಯುವಾಗ ಮೂರು ತೊಂದರೆ ಎಲ್ಲರಿಗೂ ಬರುತ್ತವೆ. ಹಿಂದೆ ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಅದನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಬೇಕು. ಎರಡನೆಯದು ಕಾಗುಣಿತ: ಮನಸೂರ, ಮನಸೂರ್, ಮನ್ಸೂರ್ ಎಂದು ಮೂರು ಥರ ಬರೆದರೆ ಕಂಪ್ಯೂಟರಿಗೆ ಮೂವರು ಗಾಯಕರು. ಒಂದು ರೂಪ ನಿಶ್ಚಯಿಸಿ, ಹೆಸರುಗಳ ಒಂದು ಹಾಳೆ ಪಕ್ಕದಲ್ಲಿಟ್ಟುಕೊಂಡು ಅಲ್ಲಿಂದಲೇ ನಕಲು ಮಾಡಿ ಅಂಟಿಸಿ. ನಕಲು ಮಾಡುವುದಕ್ಕೆ ಕಾರಣವಿದೆ. ‘ರಾಜ್‌ಕುಮಾರ್’ ಎಂದು ಜಕಾರ ಬಿಡಿಸಿ ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂರುತ್ತದೆ. ಒಂದು ಕೀಲಿಮಣೆ ಅದನ್ನು ಹಾಕುತ್ತದೆ, ಇನ್ನೊಂದು ಹಾಕದೆ ‘ರಾಜ್ಕುಮಾರ್’ ಎಂದು ಒತ್ತಕ್ಷರ ಮಾಡುತ್ತದೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಮೂರನೆಯದು ಹೆಸರಿನ ಉದ್ದ. ಲಿನಕ್ಸ್, ಆಂಡ್ರಾಯ್ಡ್‌ಗಳಲ್ಲಿ ಕಡತದ ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್. ‘ಕ್ಷಿ’ ಎಂಬ ಒಂದು ಅಕ್ಷರದಲ್ಲಿ ಕಕಾರ, ಹಲಂತ, ಷಕಾರ, ಗುಡಿಸು ಸೇರಿ ನಾಲ್ಕು ಚಿಹ್ನೆ, ಅಂದರೆ 12 ಬೈಟ್. ಒಟ್ಟು 85 ಚಿಹ್ನೆಗೆ ಹೆಸರು ಮುಗಿಯುತ್ತದೆ. ವಿಂಡೋಸ್‌ನಲ್ಲಿ ಇದ್ದ ಉದ್ದ ಹೆಸರಿನ ಕಡತಗಳು ಬೇರೆ ಕಡೆ ನಕಲಾಗದೆ ಉಳಿಯುವುದು ಇದರಿಂದ. ಕಡತಕ್ಕೆ ನಂಬರು ಮತ್ತು ಎರಡು ಮೂರು ಪದ ಸಾಕು, ಉಳಿದದ್ದು ಟ್ಯಾಗಿನಲ್ಲಿ ಇರಲಿ.

ಇಡುವುದಕ್ಕೆ ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಬೇಡ. ವರ್ಷಗಟ್ಟಲೆ ಬಿಟ್ಟರೆ ಅವುಗಳೊಳಗಿನ ವಿದ್ಯುದಂಶ ಸೋರಿ ಕಡತ ಕೆಡುತ್ತದೆ. ಗಂಟೆಯ ಸಾವಿರ ಕ್ಯಾಸೆಟ್ ಸುಮಾರು 700 ಜಿಬಿ. 2 ಟಿಬಿಯ ಎರಡು ಹಾರ್ಡ್‌ಡಿಸ್ಕ್ ಕೊಂಡರೆ ಕೆಲಸದ ನಕಲುಗಳಿಗೂ ಜಾಗ ಉಳಿಯುತ್ತದೆ. ಎರಡನ್ನೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಳ್ಳಬೇಡಿ, ಒಂದೇ ತಯಾರಿಕೆಯವು ಒಟ್ಟಿಗೆ ಕೈಕೊಡಬಹುದು. ಒಂದು ಮನೆಯಲ್ಲಿ, ಇನ್ನೊಂದು ಹರಿಹರದಲ್ಲೋ ಚಿತ್ರದುರ್ಗದಲ್ಲೋ ಇರುವ ನೆಂಟರ ಮನೆಯಲ್ಲಿ. ಮುಂಗಾರಿಗೆ ಮುಂಚಿನ ಸಿಡಿಲಿನ ದಿನಗಳಲ್ಲಿ ಡಿಸ್ಕನ್ನು ಕಂಪ್ಯೂಟರಿಗೆ ಚುಚ್ಚಿಟ್ಟಿರಬೇಡಿ. ಎರಡನ್ನೂ ತಾನಾಗಿ ಒಂದೇ ಥರ ಇಡುವ ಸಿಂಕ್ ತಂತ್ರಾಂಶ ಬಳಸುವಾಗ ಎಚ್ಚರ, ಒಂದು ಕಡೆ ಕೈತಪ್ಪಿ ಅಳಿಸಿದ್ದು ಇನ್ನೊಂದು ಕಡೆಯೂ ಅಳಿಯುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಡಿಸ್ಕ್ ಓಡಿಸಿ, ವರ್ಷಕ್ಕೊಮ್ಮೆ ಫ್ಲ್ಯಾಕ್ ಕಡತಗಳನ್ನೆಲ್ಲಾ ಪರೀಕ್ಷಿಸಿ. ಪ್ರತಿ ಫ್ಲ್ಯಾಕ್ ಕಡತದೊಳಗೇ ಅದರ ಧ್ವನಿಯಿಂದ ಲೆಕ್ಕ ಹಾಕಿದ ಎಂಡಿ5 ಎಂಬ ಗುರುತು ಸಂಖ್ಯೆ ಇರುತ್ತದೆ, ಧ್ವನಿಯ ಒಂದು ಬಿಟ್ ತಿರುಗಿದರೂ ತೋರಿಸಿಕೊಡುತ್ತದೆ.

ಇಳಿಸಿಕೊಂಡ ಮೇಲೂ ಮೂಲ ಕ್ಯಾಸೆಟ್ ಇಟ್ಟುಕೊಳ್ಳಿ, ಮುಂದೆ ಇನ್ನೂ ಒಳ್ಳೆಯ ಯಂತ್ರದಿಂದ ಇಳಿಸಬಹುದು. ತಾರಸಿಗೆ ತಾಗಿದ ಅಟ್ಟ ನಮ್ಮ ಏಪ್ರಿಲ್ ಬಿಸಿಲಿಗೆ ಒಲೆಯಾಗುತ್ತದೆ. ಕೆಳಗಿನ ಕೋಣೆಯ ಕಬ್ಬಿಣದ ಬೀರು ಒಳ್ಳೆಯದು, ಗೋಡೆಯಿಂದ ನಾಲ್ಕು ಬೆರಳು ದೂರ. ಕ್ಯಾಸೆಟ್, ಪ್ಲೇಟು ಯಾವುದನ್ನೂ ಮಲಗಿಸಿ ಪೇರಿಸದೆ ನಿಲ್ಲಿಸಿ ಇಡಿ. ಸ್ಪೀಕರ್ ಮೇಲೆ ಇಡಬೇಡಿ, ಒಳಗೆ ಆಯಸ್ಕಾಂತವಿದೆ. ನುಸಿಗುಳಿಗೆ ಬೇಡ, ಅದರ ಆವಿ ಕ್ಯಾಸೆಟ್ಟಿನ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಮಂಡಕ್ಕಿ ಭಟ್ಟಿಯ ಕಡೆ ಮನೆ ಇರುವವರು ಹೊಗೆಯ ಮಸಿ ಸೇರದಂತೆ ಮುಚ್ಚಳದ ಡಬ್ಬಿಯಲ್ಲೇ ಇಡಬೇಕು.

ಕಾನೂನಿನ ಭಯದಿಂದ ಸುಮ್ಮನಿರುವವರಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಸ್ವಂತ, ಖಾಸಗಿ ಬಳಕೆಗೆ ರಕ್ಷಣೆ ಕೊಡುತ್ತದೆ. ಹಂಚುವುದು, ಯೂಟ್ಯೂಬಿಗೆ ಹಾಕುವುದು ಬೇರೆ ಮಾತು. ಪ್ರಕಟವಾದ ಧ್ವನಿಮುದ್ರಣದ ಹಕ್ಕು 60 ವರ್ಷ. 1960ರಲ್ಲಿ ಹೊರಬಂದ ಪ್ಲೇಟಿನದು 2020ರ ಕೊನೆಗೆ ಮುಗಿದಿದೆ. ಸಾಹಿತ್ಯ, ಸಂಗೀತದ ಹಕ್ಕು ಅದಲ್ಲ, ಕರ್ತೃ ತೀರಿಕೊಂಡ ಮೇಲೆ 60 ವರ್ಷ ನಡೆಯುತ್ತದೆ. ಹಟ್ಟಿಯ ಪದ, ಭಜನೆಗಳಲ್ಲಿ ಹಾಡಿದವರ ಅಥವಾ ಅವರ ಮನೆಯವರ ಒಪ್ಪಿಗೆಯನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳುವುದು ಕಾನೂನಿಗಿಂತ ಮೊದಲು ಮರ್ಯಾದೆ.

ಕೊನೆಗೆ ಒಂದು ಬೇಡಿಕೆ. ಖಾಸಗಿ ಸಂಗ್ರಹ ಎಷ್ಟೇ ಚೆನ್ನಾಗಿದ್ದರೂ ಅದನ್ನು ಕಾಯುವವರು ಇರುವಷ್ಟು ದಿನ. ದಾವಣಗೆರೆ ವಿಶ್ವವಿದ್ಯಾಲಯವೋ ಜಿಲ್ಲಾ ಕೇಂದ್ರ ಗ್ರಂಥಾಲಯವೋ ಒಂದು ಕೋಣೆ, ಒಂದು ಒಳ್ಳೆಯ ಡೆಕ್, ಒಂದು ಟರ್ನ್‌ಟೇಬಲ್, ಒಂದು ಕಂಪ್ಯೂಟರ್ ಇಟ್ಟು, ಕೆಲಸ ಬಲ್ಲ ಒಬ್ಬರನ್ನು ನೇಮಿಸಿದರೆ ಜಿಲ್ಲೆಯ ಆರೂ ತಾಲ್ಲೂಕಿನ ಮನೆ ಕ್ಯಾಸೆಟ್‌ಗಳನ್ನು ಸರದಿಯಂತೆ ಇಳಿಸಿ ಮೂಲವನ್ನು ಮನೆಯವರಿಗೇ ಹಿಂದಿರುಗಿಸಬಹುದು. ಚಿತ್ರದುರ್ಗಕ್ಕೂ ಇದೇ ಬೇಕು. ಹಾಗೆ ತೆಗೆದುಕೊಳ್ಳುವಾಗ ಹೆಸರು, ಊರು, ಕಾಲ ಬರೆಸಿಕೊಳ್ಳದೆ ಒಂದು ಕ್ಯಾಸೆಟ್ಟನ್ನೂ ಒಳಗೆ ಬಿಟ್ಟುಕೊಳ್ಳಬಾರದು. ಹಾಡಿದವರನ್ನು ದನಿಯಿಂದ ಗುರುತು ಹಿಡಿಯಬಲ್ಲ ಹಿರಿಯರು ಈಗ ಇದ್ದಾರೆ, ಕ್ಯಾಸೆಟ್ಟಿನ ಜೊತೆ ಅವರನ್ನೂ ಕರೆಸಿ ಕೂರಿಸಿಕೊಂಡು ಕೇಳಿಸಬೇಕು.

ಇಂತಿ,
ಹಳೆಯ ಧ್ವನಿಮುದ್ರಣಗಳ ಸಂಗ್ರಾಹಕರು,
ದಾವಣಗೆರೆ